ದೊಡ್ಡ ಕರುಳೇ ಇಲ್ಲ, ಮತ್ತೆ ಉರಿಯೂತ ಎಲ್ಲಿಂದ ಬಂತು?

ಟಿಕೆಟ್_ಟಿಕೆಟ್ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ವಯಸ್ಸು 36. ಹನ್ನೊಂದು ವರ್ಷ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರಕ್ಕೆ ಉರಿಯೂತ ಬಂದು ಹುಣ್ಣಾಗುವ ಕಾಯಿಲೆ) ಜೊತೆ ಒದ್ದಾಡಿದೆ. ಮೆಸಲಮೈನ್ ಆಯಿತು, ಸ್ಟೀರಾಯ್ಡ್ ಆಯಿತು, ಅಜಥಯೋಪ್ರಿನ್ ಆಯಿತು. ಸ್ಟೀರಾಯ್ಡ್ ತಿಂದು ಮುಖ ಬನ್ನಿನ ಹಾಗೆ ಊದಿದಾಗ ಪಾಸ್‌ನಲ್ಲಿರುವ ಫೋಟೊ ನನ್ನದೇ ಎಂದು ಚೆಕಿಂಗ್‌ನವರು ನಂಬಲಿಲ್ಲ. ಕೊನೆಗೆ ಎರಡು ವರ್ಷದ ಹಿಂದೆ ದೊಡ್ಡ ಕರುಳನ್ನು ಪೂರ್ತಿ ತೆಗೆದರು. ಸಣ್ಣ ಕರುಳಿನ ಕೊನೆ ಭಾಗವನ್ನೇ ಮಡಚಿ ಹೊಲಿದು ಜೆ ಪೌಚ್, ಅಂದರೆ ಮಲ ನಿಲ್ಲಲು ಜೆ ಆಕಾರದ ಚೀಲ, ಮಾಡಿದರು. ಮೂರು ತಿಂಗಳು ಮಲ ಬೀಳಲು ಹೊಟ್ಟೆ ಮೇಲೆ ಬ್ಯಾಗ್ ಇತ್ತು. ಆಮೇಲೆ ಬ್ಯಾಗ್ ತೆಗೆದು ಒಳಗೇ ಜೋಡಿಸಿದರು.

ಒಂದೂವರೆ ವರ್ಷ ರಾಜನ ಹಾಗಿದ್ದೆ. ದಿನಕ್ಕೆ ಐದಾರು ಸಲ ಹೋಗಬೇಕಿತ್ತು ನಿಜ, ಆದರೆ ಅವಸರ ಇರಲಿಲ್ಲ, ರಕ್ತ ಇರಲಿಲ್ಲ. ದಾವಣಗೆರೆಯಿಂದ ಹೊಸಪೇಟೆವರೆಗೆ ತಡೆದುಕೊಂಡು ಹೋಗುತ್ತಿದ್ದೆ. ಈಗ ಮೂರು ವಾರದಿಂದ ದಿನಕ್ಕೆ ಹದಿನಾಲ್ಕು ಸಲ. ರಾತ್ರಿ ಮೂರು ಸಲ ಏಳಬೇಕು. ಕೆಳಹೊಟ್ಟೆ ಹಿಂಡಿದ ಹಾಗೆ ನೋವು, ಸಂಜೆ ಮೈ ಬಿಸಿ. ಫೋನ್ ಮಾಡಿದರೆ ಪೌಚೈಟಿಸ್ ಇರಬಹುದು, ಪೌಚ್‌ಗೆ ಉರಿಯೂತ ಬಂದಿರಬಹುದು ಎಂದರು. ಸ್ಕೋಪ್‌ಗೆ (ಕ್ಯಾಮೆರಾ ಕೊಳವೆ ಹಾಕಿ ಒಳಗೆ ನೋಡಲು) ಗುರುವಾರ ಬರಲು ಹೇಳಿದ್ದಾರೆ.

ನನಗೆ ಅರ್ಥ ಆಗದ್ದು ಇಷ್ಟೇ. ಕಾಯಿಲೆ ಇದ್ದದ್ದು ದೊಡ್ಡ ಕರುಳಲ್ಲಿ. ಅದನ್ನು ತೆಗೆದು ಎಸೆದಾಯಿತು. ಪೌಚ್ ಮಾಡಿದ್ದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೆಡದ ಸಣ್ಣ ಕರುಳಿಂದ. ಹಾಗಾದರೆ ಇದು ಎಲ್ಲಿಂದ ಬಂತು? ಆಪರೇಷನ್ ಆದರೆ ಕೊಲೈಟಿಸ್ ಮುಗಿಯಿತು ಎಂದಿದ್ದರು. ನಮ್ಮಮ್ಮ ಅಂತೂ "ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಂಡೆ, ನೆಗಡಿ ಮಾತ್ರ ಅಲ್ಲೇ ಇದೆ ನೋಡು" ಎನ್ನುತ್ತಾಳೆ. ನಾನು ಮೋಸ ಹೋದೆನಾ?

ಮಲೆನಾಡ_ಮಳೆ · ಸೋಮವಾರ, ರಾತ್ರಿ 11:15

ತಮ್ಮಾ, ಮೊದಲು ಒಆರ್‌ಎಸ್ ಕುಡಿಯಿರಿ. ಹದಿನಾಲ್ಕು ಸಲ ಎಂದರೆ ಮೈಯಲ್ಲಿ ನೀರೂ ಉಪ್ಪೂ ಉಳಿದಿರುವುದಿಲ್ಲ. ದೊಡ್ಡ ಕರುಳು ಇಲ್ಲದವರಿಗೆ ಅದು ಬೇಗ ಏಟು ಕೊಡುತ್ತದೆ.

ನನ್ನದೂ ಅದೇ ಆಪರೇಷನ್, ಅದೇ ಜೆ. ಆದರೆ ಕಾರಣ ಬೇರೆ. ನಮ್ಮದು ಎಫ್‌ಎಪಿ ಮನೆತನ. ಎಪಿಸಿ ಎಂಬ ಜೀನ್‌ನಲ್ಲಿ ದೋಷ, ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್, ಅಂದರೆ ಸಣ್ಣ ಗಂಟುಗಳು. ಬಿಟ್ಟರೆ ಕ್ಯಾನ್ಸರ್ ಆಗೇ ಆಗುತ್ತದೆ. ಅಪ್ಪ ಹೋದದ್ದು ಅದರಿಂದಲೇ. ಹಾಗಾಗಿ ನನಗೆ 24ಕ್ಕೇ ತೆಗೆದರು. ಒಂಬತ್ತು ವರ್ಷ ಆಯಿತು, ಪೌಚ್‌ಗೆ ಒಂದು ಸಲವೂ ಉರಿಯೂತ ಬಂದಿಲ್ಲ.

ನಾನು ಕೇಳಿದಾಗ ಸರ್ಜನ್ ಹೇಳಿದ್ದು ಇದು: ಕೊಲೈಟಿಸ್‌ಗೆ ಪೌಚ್ ಮಾಡಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಒಮ್ಮೆಯಾದರೂ ಪೌಚೈಟಿಸ್ ಬರುತ್ತದೆ, ಎಫ್‌ಎಪಿಯವರಿಗೆ ತೀರಾ ಅಪರೂಪ. ಯಾಕೆ ಎಂದು ಕೇಳಬೇಕಿತ್ತು. ಆಗ ನನಗೆ ನನ್ನದು ಬಚಾವಾದರೆ ಸಾಕಿತ್ತು.

ಲೂವೆನ್_ಕನ್ನಡತಿ · ಮಂಗಳವಾರ, ಬೆಳಗಿನ ಜಾವ 2:05

ಅಕ್ಕಾ, ನೀವು ಕೇಳದೆ ಬಿಟ್ಟ ಆ "ಯಾಕೆ"ಯ ಹಿಂದೆ ಜನ ನಲವತ್ತು ವರ್ಷದಿಂದ ಓಡುತ್ತಿದ್ದಾರೆ. ಒಂದೇ ಸರ್ಜನ್, ಒಂದೇ ಸ್ಟೇಪ್ಲರ್, ಒಂದೇ ಆಕಾರದ ಚೀಲ. ಒಬ್ಬರಿಗೆ ಉರಿಯುತ್ತದೆ, ಇನ್ನೊಬ್ಬರಿಗೆ ಇಲ್ಲ. ಬೇಕೆಂದೇ ಪ್ರಯೋಗ ಮಾಡಲು ಹೊರಟರೂ ಇಷ್ಟು ಚೆನ್ನಾಗಿ ಹೋಲಿಸಲು ಸಿಗುತ್ತಿರಲಿಲ್ಲ.

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಊರು ತಿಪಟೂರು. ಬೆಲ್ಜಿಯಂನಲ್ಲಿ ಕರುಳಿನ ಇಮ್ಯುನಾಲಜಿಯಲ್ಲಿ (ಇಮ್ಯೂನ್ ಎಂದರೆ ರೋಗನಿರೋಧಕ ವ್ಯವಸ್ಥೆ, ಅದರ ಅಧ್ಯಯನ) ಪಿಎಚ್‌ಡಿ ಮಾಡುತ್ತಿದ್ದೇನೆ. ನಿದ್ದೆ ಬರುತ್ತಿಲ್ಲ, ಅದಕ್ಕೆ ಉದ್ದ ಬರೆಯುತ್ತೇನೆ, ಬೈಯಬೇಡಿ.

ಸಣ್ಣ ಕರುಳು ಕಾಲುವೆ ಇದ್ದ ಹಾಗೆ. ನೀರು ಹರಿಯುತ್ತಲೇ ಇರುತ್ತದೆ, ಪಾಚಿ ಕಟ್ಟಲು ಬಿಡುವುದಿಲ್ಲ. ಹಾಗಾಗಿ ಅಲ್ಲಿ ಬ್ಯಾಕ್ಟೀರಿಯಾ ಕಡಿಮೆ. ದೊಡ್ಡ ಕರುಳಿನಲ್ಲಿ ಅದರ ಸಾವಿರಾರು ಪಟ್ಟು ಇರುತ್ತವೆ. ಈಗ ಆ ಕಾಲುವೆಯ ತುದಿಯನ್ನೇ ಮಡಚಿ ಕಟ್ಟೆ ಹಾಕಿದ್ದಾರೆ. ಕಾಲುವೆ ಕೆರೆಯಾಯಿತು. ಮಲ ಗಂಟೆಗಟ್ಟಲೆ ನಿಲ್ಲುತ್ತದೆ. ನಿಂತ ನೀರಿಗೆ ಹೊಸ ಕಳೆ, ಹೊಸ ಮೀನು ಬರದೆ ಇರುತ್ತವಾ?

ಕೆಲವು ತಿಂಗಳಲ್ಲಿ ಒಳಗೋಡೆಯೂ ಬದಲಾಗುತ್ತದೆ. ಸಣ್ಣ ಕರುಳಿನ ಒಳಗೆ ಟರ್ಕಿ ಟವೆಲ್‌ನ ಎಳೆಗಳ ಹಾಗೆ ವಿಲ್ಲೈ ಎದ್ದು ನಿಂತಿರುತ್ತವೆ. ಪೌಚ್‌ನಲ್ಲಿ ಅವು ಮೊಂಡಾಗುತ್ತವೆ, ನಡುವಿನ ಗುಂಡಿಗಳು ಆಳವಾಗುತ್ತವೆ, ಲೋಳೆ ಕೂಡ ದೊಡ್ಡ ಕರುಳಿನ ಬಗೆಯದಾಗುತ್ತದೆ. ಅಂದರೆ ಯಾವತ್ತೂ ಕೆಡದ ಸಣ್ಣ ಕರುಳು ಎಂದಿರಲ್ಲ, ಅದೀಗ ಪೂರ್ತಿ ಸಣ್ಣ ಕರುಳಾಗಿ ಉಳಿದಿಲ್ಲ. ಅರ್ಧ ದೊಡ್ಡ ಕರುಳಾಗಿದೆ. ಕೊಲೈಟಿಸ್‌ಗೆ ಬೇಕಿದ್ದ ಮನೆಯನ್ನು ನಿಮ್ಮ ದೇಹ ಮತ್ತೆ ಕಟ್ಟಿಕೊಟ್ಟಿದೆ ಎನ್ನಬಹುದು.

ಆದರೆ ಇಷ್ಟೇ ಆಗಿದ್ದರೆ ಅಕ್ಕನ ಪೌಚ್‌ಗೂ ಉರಿಯೂತ ಬರಬೇಕಿತ್ತು. ಅವರ ಕೆರೆಯಲ್ಲೂ ನೀರು ನಿಂತಿದೆ, ವಿಲ್ಲೈ ಮೊಂಡಾಗಿವೆ. ಮುಂದಿನದು ನಾಳೆ, ಈಗ ನಿಜಕ್ಕೂ ಕಣ್ಣು ಮುಚ್ಚುತ್ತಿವೆ.

ಸುಮ್ನೆ_ಓದುಗ · ಮಂಗಳವಾರ, ಬೆಳಗ್ಗೆ 7:30

ಧಾರಾವಾಹಿಯವರ ಹಾಗೆ ಸರಿಯಾದ ಜಾಗದಲ್ಲೇ ನಿಲ್ಲಿಸಿದಿರಿ ನೋಡಿ.

ಕಷಾಯ_ಕಾಕಾ · ಮಂಗಳವಾರ, ಬೆಳಗ್ಗೆ 8:10

ತಮ್ಮಾ, ಇದೆಲ್ಲ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬರುವುದು. ಆಪರೇಷನ್ ಆದವರಿಗೆ ಶಕ್ತಿ ಇಳಿದಿರುತ್ತದೆ. ಅಮೃತಬಳ್ಳಿ ಕಷಾಯ ಬೆಳಗ್ಗೆ ಖಾಲಿ ಹೊಟ್ಟೆಗೆ, ಸಂಜೆ ಮಜ್ಜಿಗೆಗೆ ಒಂದು ಚಿಟಿಕೆ ಅರಿಶಿನ. ನಲವತ್ತು ದಿನ ಮಾಡಿ ನೋಡಿರಿ. ನಮ್ಮ ಮನೆಯಲ್ಲಿ ಕೊರೊನಾ ಕಾಲದಿಂದ ಎಲ್ಲರೂ ಕುಡಿಯುತ್ತೇವೆ.

ಹೊಟ್ಟೆ_ಡಾಕ್ಟ್ರು · ಮಂಗಳವಾರ, ಮಧ್ಯಾಹ್ನ 1:20

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಚಿಕ್ಕದಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಗ್ಯಾಸ್ಟ್ರೋ ನೋಡುತ್ತೇನೆ.

ಕಾಕಾ, ಮಜ್ಜಿಗೆಗೆ ನನ್ನ ತಕರಾರಿಲ್ಲ. ಅಮೃತಬಳ್ಳಿಗೆ ಇದೆ. ಈ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ಕೆಲಸಕ್ಕಿಂತ ಜಾಸ್ತಿ ಏರಿ ಕುಳಿತಿದೆ. ಉರಿಯುವ ಒಲೆಗೆ ಮತ್ತೆ ಊದುಗೊಳವೆ ಹಿಡಿಯುವುದು ಬೇಡ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅದರಲ್ಲಿ ಕಂಡದ್ದು ಇಮ್ಯೂನ್ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿ ಬಿದ್ದಂತಹ ಚಿತ್ರ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಆ ಜಗಳ ಇಲ್ಲಿ ಬೇಡ. ಆದರೆ ಪೌಚ್ ಇರುವ ಕೊಲೈಟಿಸ್ ರೋಗಿಗೆ ನಾನು ಖಂಡಿತ ಕೊಡುವುದಿಲ್ಲ.

ಕಂಡಕ್ಟರ್ ಸಾಹೇಬ್ರೇ, ಎರಡು ಪ್ರಶ್ನೆ. ಒಂದು, ಇತ್ತೀಚೆಗೆ ನೋವಿನ ಮಾತ್ರೆ ಏನಾದರೂ ತಿಂದಿದ್ದೀರಾ? ಎರಡು, ಬೇರೆ ಯಾವುದಕ್ಕಾದರೂ ಆಂಟಿಬಯೋಟಿಕ್ ತೆಗೆದುಕೊಂಡಿದ್ದಿರಾ?

ಟಿಕೆಟ್_ಟಿಕೆಟ್ · ಮಂಗಳವಾರ, ಮಧ್ಯಾಹ್ನ 3:45

ಆಂಟಿಬಯೋಟಿಕ್ ಇಲ್ಲ ಸರ್. ನೋವಿನ ಮಾತ್ರೆ ಹೌದು. ದಿನಾ ಎಂಟು ಗಂಟೆ ನಿಂತು ಸೊಂಟ ಹಿಡಿದುಕೊಳ್ಳುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಡೈಕ್ಲೋಫೆನಾಕ್ ಕೊಟ್ಟರು. ಒಂದೂವರೆ ತಿಂಗಳಿಂದ ಬೆಳಗ್ಗೆ ಒಂದು, ಸಂಜೆ ಒಂದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಹೊಟ್ಟೆ_ಡಾಕ್ಟ್ರು · ಮಂಗಳವಾರ, ಸಂಜೆ 4:10

ಇವತ್ತಿಂದಲೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು ಪೌಚೈಟಿಸ್‌ಗೆ ದಾರಿ ಮಾಡಿಕೊಡುವುದು ಗೊತ್ತಿರುವ ಸಂಗತಿ. ಕರುಳಿನ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಿನ ತಯಾರಿಯನ್ನೇ ಅವು ತಡೆಯುತ್ತವೆ. ನೋವು ಜಾಸ್ತಿ ಇದ್ದರೆ ಪ್ಯಾರಾಸಿಟಮಾಲ್ ಸಾಕು.

ಇದೊಂದೇ ಕಾರಣ ಎಂದು ಹೇಳುತ್ತಿಲ್ಲ. ಆದರೆ ಒಣಹುಲ್ಲಿನ ಬಣವೆ ಪಕ್ಕ ಬೀಡಿ ಸೇದಿದ ಹಾಗಾಯಿತು. ಇನ್ನೊಂದು, ಆ ಸೊಂಟ ನೋವು ನಿಂತದ್ದರಿಂದಲೇ ಬಂದದ್ದಾ ಎಂಬುದನ್ನೂ ನೋಡಿಸಿ. ಬೆಳಗ್ಗೆ ಎದ್ದಾಗ ಬಿಗಿದುಕೊಂಡಿದ್ದು, ಓಡಾಡಿದ ಮೇಲೆ ಸಡಿಲ ಆಗುತ್ತದಾ? ಕೊಲೈಟಿಸ್‌ನವರಿಗೆ ಬೆನ್ನುಮೂಳೆಯ ಕೀಲುಗಳಲ್ಲೂ ಉರಿಯೂತ ಬರುವುದುಂಟು.

ಟಿಕೆಟ್_ಟಿಕೆಟ್ · ಮಂಗಳವಾರ, ಸಂಜೆ 4:22

ಬೆಳಗ್ಗೆಯೇ ಜಾಸ್ತಿ ಸರ್. ಮೊದಲ ಟ್ರಿಪ್ ಮುಗಿಯುವ ಹೊತ್ತಿಗೆ ಕಮ್ಮಿ ಆಗುತ್ತದೆ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

ಲೂವೆನ್_ಕನ್ನಡತಿ · ಮಂಗಳವಾರ, ರಾತ್ರಿ 11:50

ಲ್ಯಾಬ್ ಮುಗಿಸಿ ಬಂದೆ. ನಿನ್ನೆ ಕೆರೆಯ ಕತೆ ಹೇಳಿದೆ, ಇವತ್ತು ಕೆರೆ ಕಾಯುವವರ ಕತೆ.

ಕರುಳಿನ ಗೋಡೆಯಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಖಾಯಂ ಆಗಿ ಇರುತ್ತವೆ. ಇವು ಊರ ತಳವಾರನ ಹಾಗೆ. ಯಾರು ಊರಿನವರು, ಯಾರು ನೆಂಟರು, ಯಾರು ಕಳ್ಳರು ಎಂದು ಗೊತ್ತು. ಬ್ಯಾಕ್ಟೀರಿಯಾ ಅಲ್ಲೊಂದು ಇಲ್ಲೊಂದು ಒಳಗೆ ನುಸುಳಿದರೆ ಸದ್ದಿಲ್ಲದೆ ನುಂಗಿ ಮುಗಿಸುತ್ತವೆ, ಸೀಟಿ ಊದುವುದಿಲ್ಲ. ಊದಿದರೆ ದಿನಾ ಊದುತ್ತಲೇ ಇರಬೇಕಾಗುತ್ತದೆ, ಅಲ್ವಾ? ಇವುಗಳ ಜೊತೆ ರೆಗ್ಯುಲೇಟರಿ ಟಿ ಕಣಗಳಿರುತ್ತವೆ. ಇವುಗಳ ಕೆಲಸ ಜಗಳ ಬಿಡಿಸುವುದು. ಐಎಲ್-10 ಎಂಬ ಸಂದೇಶ ಕಳಿಸಿ "ಸಾಕು, ತಣ್ಣಗಾಗಿ" ಎನ್ನುತ್ತವೆ.

ಉರಿಯೂತ ಇರುವ ಪೌಚ್‌ನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ರಕ್ತದಿಂದ ಮಾನೋಸೈಟ್ ಎಂಬ ಹೊಸ ಕಣಗಳು ದಂಡಾಗಿ ಬಂದು ಇಳಿಯುತ್ತವೆ. ಹೊರ ಜಿಲ್ಲೆಯಿಂದ ಕರೆಸಿದ ರಿಸರ್ವ್ ಪೊಲೀಸರ ಹಾಗೆ. ಊರಿನವರ ಮುಖ ಗೊತ್ತಿಲ್ಲ, ಕಂಡವರಿಗೆಲ್ಲ ಲಾಠಿ. ಇವು ಟಿಎನ್‌ಎಫ್, ಐಎಲ್-1 ಬೀಟಾ, ಐಎಲ್-6 ಎಂಬ ಸಂದೇಶಗಳನ್ನು ಸುರಿಸುತ್ತವೆ. ಐಎಲ್-8 ಎಂಬುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಅವು ಗುಂಡಿಗಳ ಒಳಗೆ ನುಗ್ಗಿ ಕೀವು ಕಟ್ಟುತ್ತವೆ. ನಿಮ್ಮ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂದು ಟೆಸ್ಟ್ ಮಾಡುತ್ತಾರಲ್ಲ, ಅದು ಈ ನ್ಯೂಟ್ರೋಫಿಲ್‌ಗಳ ಒಳಗಿನ ಪ್ರೊಟೀನ್. ಎಷ್ಟು ಪೊಲೀಸರು ಬಂದಿದ್ದರು ಎಂದು ಬಿದ್ದ ಟೊಪ್ಪಿಗೆ ಎಣಿಸುವುದು, ಅಷ್ಟೇ.

ಇನ್ನೊಂದು ಗುಂಪು ಟಿ ಕಣಗಳದು. ಟಿಎಚ್-1 ಮತ್ತು ಟಿಎಚ್-17 ಎಂಬ ಜಗಳಗಂಟ ಬಗೆಯವು ಜಾಸ್ತಿಯಾಗುತ್ತವೆ. ಆಂಟಿಬಾಡಿಯಲ್ಲೂ ವ್ಯತ್ಯಾಸ. ಆರೋಗ್ಯವಾಗಿರುವ ಕರುಳು ಐಜಿಎ ಎಂಬುದನ್ನು ಸುರಿಸುತ್ತದೆ. ಅದು ಬ್ಯಾಕ್ಟೀರಿಯಾವನ್ನು ಸುತ್ತಿ ಹೊರಗೇ ಇಡುತ್ತದೆ, ಗಲಾಟೆ ಮಾಡುವುದಿಲ್ಲ. ಉರಿಯೂತ ಬಂದಾಗ ಐಜಿಜಿ ಮಾಡುವ ಕಣಗಳು ಹೆಚ್ಚುತ್ತವೆ. ಐಜಿಜಿ ಅಂಟಿದ ಬ್ಯಾಕ್ಟೀರಿಯಾ ಕಂಡರೆ ಆ ಹೊಸ ಪೊಲೀಸರಿಗೆ ಇನ್ನೂ ಸಿಟ್ಟು.

ಈಗ ಟಿಕೆಟ್ ಅಣ್ಣನ ಪ್ರಶ್ನೆಗೆ. ಟೆಲ್ ಅವೀವ್‌ನ ತಂಡವೊಂದು ನೋಡಿದ್ದು ಇದು: ಕೊಲೈಟಿಸ್‌ಗೆ ಪೌಚ್ ಮಾಡಿಸಿದವರಲ್ಲಿ ಪೌಚ್‌ನ ಜೀನ್‌ಗಳ ಚಟುವಟಿಕೆ ಬೇರೆಯಾಗಿತ್ತು. ಅಷ್ಟೇ ಅಲ್ಲ, ಪೌಚ್‌ಗೂ ಮೇಲಿನ, ಕಣ್ಣಿಗೆ ಏನೂ ಆಗಿಲ್ಲದಂತೆ ಕಾಣುವ ಸಣ್ಣ ಕರುಳಿನಲ್ಲೂ ಬದಲಾವಣೆ ಇತ್ತು. ನಿಮ್ಮ ಸಣ್ಣ ಕರುಳಿಗೆ ಕಾಯಿಲೆ ಇರಲಿಲ್ಲ ಎಂಬುದು ನಿಜ. ಅದರ ಗೋಡೆಯೊಳಗಿನ ಕಣಗಳು ನಿಮ್ಮವೇ ಎಂಬುದೂ ನಿಜ. ಅವು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಓಡಾಡುವುದು ರಕ್ತದಲ್ಲಿ. ಸರ್ಜನ್ ತೆಗೆದದ್ದು ಜಗಳ ನಡೆಯುತ್ತಿದ್ದ ಮೈದಾನವನ್ನು. ಜಗಳ ಆಡುವವರನ್ನು ತೆಗೆಯಲು ಕತ್ತರಿಯಿಂದ ಆಗುವುದಿಲ್ಲ.

ಸುಮ್ನೆ_ಓದುಗ · ಬುಧವಾರ, ಬೆಳಗ್ಗೆ 7:15

ಹುಟ್ಟುಗುಣ ಸುಟ್ಟರೂ ಹೋಗದು ಅನ್ನಿ.

ಲೂವೆನ್_ಕನ್ನಡತಿ · ಬುಧವಾರ, ಬೆಳಗ್ಗೆ 11:40

ಅರ್ಧ ಒಪ್ಪುತ್ತೇನೆ. ಪೂರ್ತಿ ಒಪ್ಪಿದರೆ ಬ್ಯಾಕ್ಟೀರಿಯಾಗೆ ಅನ್ಯಾಯ ಆಗುತ್ತದೆ.

ನೋಡಿ, ಪೌಚ್ ಹೊಲಿದ ಮೇಲೆ ಮೂರು ತಿಂಗಳು ಬ್ಯಾಗ್ ಇತ್ತಲ್ಲ, ಆಗ ಪೌಚ್ ಒಳಗೇ ಇತ್ತು, ಅದೇ ಇಮ್ಯೂನ್ ಕಣಗಳಿದ್ದವು, ಅದೇ ಹುಟ್ಟುಗುಣ. ಆದರೂ ಆ ಹೊತ್ತಿನಲ್ಲಿ ಪೌಚೈಟಿಸ್ ಸಾಮಾನ್ಯವಾಗಿ ಬರುವುದಿಲ್ಲ. ಬ್ಯಾಗ್ ಮುಚ್ಚಿ ಮಲ ಹರಿಯಲು ಬಿಟ್ಟ ಮೇಲೆಯೇ ಬರುವುದು. ಮತ್ತೆ, ಬಹಳ ಜನಕ್ಕೆ ಎರಡು ವಾರದ ಆಂಟಿಬಯೋಟಿಕ್‌ನಲ್ಲೇ ಇದು ಇಳಿಯುತ್ತದೆ. ಬರೀ ಹುಟ್ಟುಗುಣ ಆಗಿದ್ದರೆ ಆಂಟಿಬಯೋಟಿಕ್‌ಗೆ ಏನು ಕೆಲಸ?

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು 2020ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮಾಡಿದ ಕೆಲಸ. ಅವರೂ ಇದೇ ಎರಡು ಗುಂಪು ಹೋಲಿಸಿದರು, ಕೊಲೈಟಿಸ್ ಪೌಚ್ ಮತ್ತು ಎಫ್‌ಎಪಿ ಪೌಚ್. ಲಿವರ್ ಪಿತ್ತ ಬಿಡುತ್ತದೆ, ಅದನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾ ಬೇರೆ ರೂಪಕ್ಕೆ ತಿರುಗಿಸುತ್ತವೆ. ಹಾಲನ್ನು ಹೆಪ್ಪು ಹಾಕಿ ಮೊಸರು ಮಾಡಿದ ಹಾಗೆ. ಹೀಗೆ ಬರುವುದು ಡಿಆಕ್ಸಿಕೋಲಿಕ್ ಆಮ್ಲ, ಲಿಥೋಕೋಲಿಕ್ ಆಮ್ಲ. ಕೊಲೈಟಿಸ್ ಪೌಚ್‌ನಲ್ಲಿ ಇವೆರಡೂ ಕಡಿಮೆ ಇದ್ದವು. ಯಾಕೆಂದರೆ ಹೆಪ್ಪು ಹಾಕುವ ರುಮಿನೊಕೊಕೇಸಿಯೇ ಕುಟುಂಬದ ಬ್ಯಾಕ್ಟೀರಿಯಾ ಅಲ್ಲಿ ಕಡಿಮೆ. ಕೊಲೈಟಿಸ್ ಇರುವ ಇಲಿಗಳಿಗೆ ಈ ಆಮ್ಲಗಳನ್ನು ಕೊಟ್ಟಾಗ ಉರಿಯೂತ ಇಳಿಯಿತು. ಅಂದರೆ ಈ ಬ್ಯಾಕ್ಟೀರಿಯಾ ಬರೀ ಬಾಡಿಗೆದಾರರಲ್ಲ, ತಳವಾರನನ್ನು ಸಮಾಧಾನವಾಗಿ ಇಡುವವರು. ಅವರು ಊರು ಬಿಟ್ಟರೆ ತಳವಾರನ ತಲೆಯೂ ಕೆಡುತ್ತದೆ.

ಯಾವುದು ಮೊದಲು, ಕೆಟ್ಟ ಇಮ್ಯೂನ್ ಕಣವಾ, ಓಡಿಹೋದ ಒಳ್ಳೆ ಬ್ಯಾಕ್ಟೀರಿಯಾವಾ? ನಮ್ಮ ಲ್ಯಾಬ್‌ನಲ್ಲಿ ಇದರ ಮೇಲೆ ಕಾಫಿ ಹೊತ್ತಿನಲ್ಲಿ ಜಗಳವೇ ಆಗುತ್ತದೆ. ನಾನು ಎರಡನೆಯದರ ಪಕ್ಷ. ನನ್ನ ಗೈಡ್ ಮೊದಲನೆಯದರ ಪಕ್ಷ. ಸಂಬಳ ಕೊಡುವವರು ಅವರು.

ಅಮ್ಮನ_ಮಗ · ಬುಧವಾರ, ಮಧ್ಯಾಹ್ನ 12:30

ನಮ್ಮಮ್ಮನಿಗೆ ಕ್ರೋನ್ಸ್, ಅದೂ ಕರುಳಿಗೆ ಉರಿಯೂತ ಬರುವ ಕಾಯಿಲೆಯೇ. ಮೊದಲು ಕರುಳಿನ ಟಿಬಿ ಎಂದು ಆರು ತಿಂಗಳು ಮಾತ್ರೆ ಕೊಟ್ಟರು, ಆಮೇಲೆ ಕ್ರೋನ್ಸ್ ಎಂದಾಯಿತು. (ಇಲ್ಲಿ ಬಹಳ ಜನಕ್ಕೆ ಇದೇ ಕತೆ, ಎರಡೂ ನೋಡಲು ಒಂದೇ ಥರ ಅಂತೆ.) ಸಣ್ಣ ಕರುಳಿನ ತುದಿ ಕತ್ತರಿಸಿ ದೊಡ್ಡ ಕರುಳಿಗೆ ಜೋಡಿಸಿದರು. ಒಂದು ವರ್ಷಕ್ಕೆ ಸ್ಕೋಪ್ ಮಾಡಿದರೆ ಜೋಡಿಸಿದ ಜಾಗದ ಮೇಲ್ಗಡೆಯೇ ಮತ್ತೆ ಹುಣ್ಣು. ಪೌಚ್ ಅಲ್ಲ, ಆದರೂ ಇದೇ ಕತೆಯಾ?

ಲೂವೆನ್_ಕನ್ನಡತಿ · ಬುಧವಾರ, ಮಧ್ಯಾಹ್ನ 1:55

ಅಣ್ಣತಮ್ಮಂದಿರ ಕತೆ. ಮತ್ತೆ ಇದರ ಸಾಕ್ಷಿ ಸಿಕ್ಕಿದ್ದು ನಾನಿರುವ ಊರಿನಲ್ಲೇ, ಹಾಗಾಗಿ ಹೇಳದೆ ಬಿಡಲಾರೆ.

1990ರ ಹೊತ್ತಿಗೆ ಲೂವೆನ್‌ನ ರುಟ್‌ಗೀರ್ಟ್ಸ್ ಎಂಬ ವೈದ್ಯರು ಇಂಥ ಹುಣ್ಣುಗಳಿಗೆ ಒಂದು ಅಳತೆ ಮಾಡಿದರು. ನಿಮ್ಮಮ್ಮನ ಸ್ಕೋಪ್ ರಿಪೋರ್ಟ್‌ನಲ್ಲಿ ಐ-2, ಐ-3 ಎಂದೇನಾದರೂ ಇದ್ದರೆ ಅದು ಅವರದೇ. ಮುಂದೆ 1998ರಲ್ಲಿ ಅಲ್ಲಿನ ದೇನ್ಸ್ ಮತ್ತವರ ತಂಡ ಇನ್ನೂ ಗಟ್ಟಿ ಕೆಲಸ ಮಾಡಿತು. ಕರುಳು ಜೋಡಿಸಿ, ಮೇಲ್ಗಡೆ ಬ್ಯಾಗ್ ಹಾಕಿದ್ದ ಮೂವರು ಕ್ರೋನ್ಸ್ ರೋಗಿಗಳು. ಜೋಡಿಸಿದ ಜಾಗಕ್ಕೆ ಮಲ ಹೋಗುತ್ತಿರಲಿಲ್ಲ, ಅಲ್ಲಿ ಉರಿಯೂತವೂ ಇರಲಿಲ್ಲ. ಬ್ಯಾಗ್‌ಗೆ ಬರುತ್ತಿದ್ದ ಅವರದೇ ದ್ರವವನ್ನು ಕೆಳಗಿನ ಕರುಳಿಗೆ ಹರಿಸಿದರು. ಎಂಟು ದಿನ. ಎಂಟೇ ದಿನದಲ್ಲಿ ಬಯಾಪ್ಸಿಯಲ್ಲಿ (ಚೂರು ಮಾಂಸ ತೆಗೆದು ಮಾಡುವ ಪರೀಕ್ಷೆಯಲ್ಲಿ) ಇಮ್ಯೂನ್ ಕಣಗಳು ಬಂದು ಸೇರುವುದು ಕಂಡಿತು.

ಮೂರೇ ಜನ ಎಂದು ಮೂಗು ಮುರಿಯಬಹುದು. ಮೊದಲು ಓದಿದಾಗ ನಾನೂ ಮುರಿದೆ. ಆದರೆ ಹತ್ತಿಕೊಳ್ಳುವ ಬೆಂಕಿಯನ್ನು ದಿನ ಎಣಿಸಿ ನೋಡಿದವರು ಅದಕ್ಕಿಂತ ಮೊದಲು ಬಹಳ ಇರಲಿಲ್ಲ.

ಹೊಟ್ಟೆ_ಡಾಕ್ಟ್ರು · ಬುಧವಾರ, ರಾತ್ರಿ 9:30

ಪಾಠ ಚೆನ್ನಾಗಿದೆ, ನಮ್ಮ ಜೂನಿಯರ್‌ಗಳಿಗೂ ಈ ಲಿಂಕ್ ಕಳಿಸಿದೆ. ಈಗ ನಾಳೆಯ ಸ್ಕೋಪ್ ಬಗ್ಗೆ ಸ್ವಲ್ಪ.

ಮೋಷನ್ ಜಾಸ್ತಿ ಆದದ್ದೆಲ್ಲ ಪೌಚೈಟಿಸ್ ಅಲ್ಲ, ಅದಕ್ಕೇ ಒಳಗೆ ನೋಡಲೇಬೇಕು. ಪೌಚ್ ಮತ್ತು ಗುದದ ನಡುವೆ ಒಂದೆರಡು ಸೆಂಟಿಮೀಟರ್ ಹಳೆಯ ಗುದನಾಳ ಉಳಿಸಿರುತ್ತಾರೆ. ಅದನ್ನು ಕಫ್ ಎನ್ನುತ್ತೇವೆ. ಅಲ್ಲಿ ಉಳಿದಿರುವುದು ನಿಜವಾದ ಹಳೆ ಕೊಲೈಟಿಸ್ ಜಾಗ. ಅದು ಉರಿದರೆ ಕಫೈಟಿಸ್, ಔಷಧಿಯೇ ಬೇರೆ. ಕೆಲವರಿಗೆ ಜೋಡಣೆ ಬಿಗಿದುಕೊಂಡಿರುತ್ತದೆ. ಕೆಲವರಿಗೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಸೋಂಕು. ಇನ್ನು ಕೆಲವರಿಗೆ ಎಲ್ಲ ನೋಡಿದರೂ ಒಳಗೆ ಏನೂ ಇರುವುದಿಲ್ಲ, ಪೌಚ್ ಸುಮ್ನೆ ಮುನಿಸಿಕೊಂಡಿರುತ್ತದೆ. ಹಾಗಾಗಿ ಮೆಡಿಕಲ್ ಶಾಪ್‌ನಲ್ಲಿ ಸಿಪ್ರೊ ಎಂಬ ಆಂಟಿಬಯೋಟಿಕ್ ಕೇಳಿ ನುಂಗಬೇಡಿ. ಇಲ್ಲಿ ಓದಿ ನಾಳೆ ಯಾರಾದರೂ ಅದನ್ನೇ ಮಾಡುತ್ತಾರೆ, ಗೊತ್ತು.

ಪೌಚೈಟಿಸ್ ಎಂದೇ ಆದರೆ ಮೊದಲ ಔಷಧಿ ಸಿಪ್ರೊಫ್ಲಾಕ್ಸಾಸಿನ್ ಅಥವಾ ಮೆಟ್ರೋನಿಡಜೋಲ್, ಸುಮಾರು ಎರಡು ವಾರ. ಮೆಟ್ರೋನಿಡಜೋಲ್ ತಿಂದರೆ ಬಾಯಿ ತುಕ್ಕು ಕಬ್ಬಿಣದ ಹಾಗೆ ಆಗುತ್ತದೆ, ಬಹಳ ದಿನ ತಿಂದರೆ ಕಾಲು ಜೋಮು ಹಿಡಿಯಬಹುದು. ಸಿಪ್ರೊ ತಿನ್ನುವಾಗ ಹಿಮ್ಮಡಿ ಹಿಂದಿನ ಸ್ನಾಯುರಜ್ಜಿನಲ್ಲಿ ನೋವು ಬಂದರೆ ತಕ್ಷಣ ಹೇಳಬೇಕು. ನಿಂತು ಕೆಲಸ ಮಾಡುವವರಿಗೆ ಇದನ್ನು ನಾನು ಎರಡು ಸಲ ಹೇಳುತ್ತೇನೆ.

"ಮೋಸ" ಎಂಬ ಮಾತಿಗೂ ಉತ್ತರ ಕೊಡಬೇಕು. ನಿಮಗೆ ಹೇಳಿದವರು ತಪ್ಪು ಹೇಳಿಲ್ಲ, ಪೂರ್ತಿ ಹೇಳಿಲ್ಲ. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕಲ್ಸ್ ಈ ಆಪರೇಷನ್ ಬಗ್ಗೆ ಬರೆದರು. ಜಪಾನಿನ ಉತ್ಸುನೊಮಿಯಾ 1980ರಲ್ಲಿ ಅದಕ್ಕೆ ಜೆ ಆಕಾರ ಕೊಟ್ಟರು. ಅದಕ್ಕೂ ಮೊದಲೇ ಸ್ವೀಡನ್ನಿನ ಕಾಕ್ ಎಂಬ ಸರ್ಜನ್ ಹೊಟ್ಟೆಯೊಳಗೆ ಕರುಳಿನ ಚೀಲ ಮಾಡುತ್ತಿದ್ದರು. ಪೌಚೈಟಿಸ್ ಎಂಬ ಹೆಸರು ಬಂದದ್ದೂ ಅವರಿಂದಲೇ. ಅಂದರೆ ನಿಮ್ಮ ಜೆ ಹುಟ್ಟುವ ಮೊದಲೇ ಅದರ ಕಾಯಿಲೆಗೆ ನಾಮಕರಣ ಆಗಿತ್ತು. ಆಪರೇಷನ್‌ಗೆ ಮುಂಚೆ ಅರ್ಧ ಗಂಟೆ ಕೂರಿಸಿ ಇದನ್ನು ಹೇಳಬೇಕು. ಒಪಿಡಿಯಲ್ಲಿ ನೂರು ಜನ ಕಾಯುವಾಗ ನಾವು ಹೇಳುವುದಿಲ್ಲ. ಇದು ನಮ್ಮ ತಪ್ಪು.

ಕಷಾಯ_ಕಾಕಾ · ಬುಧವಾರ, ರಾತ್ರಿ 10:00

ಡಾಕ್ಟರ್ ಸಾಹೇಬರೇ, ನೀವು ಹೇಳಿದ ಮೇಲೆ ಅಮೃತಬಳ್ಳಿ ಮಾತು ಹಿಂತೆಗೆದುಕೊಂಡೆ. ಆದರೆ ಒಳ್ಳೆ ಬ್ಯಾಕ್ಟೀರಿಯಾ ಕಡಿಮೆ ಎಂದು ಆ ಮಗಳೇ ಹೇಳಿದಳಲ್ಲ. ಹಾಗಾದರೆ ನನ್ನ ಮಜ್ಜಿಗೆ ಗೆದ್ದಿತೋ ಇಲ್ಲವೋ?

ಲೂವೆನ್_ಕನ್ನಡತಿ · ಬುಧವಾರ, ರಾತ್ರಿ 11:20

ಕಾಕಾ, ದಿಕ್ಕು ಸರಿ ಇದೆ, ಅಳತೆ ಸಾಲದು. ಇಟಲಿಯ ಬೊಲೊನ್ಯಾದಲ್ಲಿ 2000ರಲ್ಲಿ 40 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಆಂಟಿಬಯೋಟಿಕ್‌ನಿಂದ ಪೌಚೈಟಿಸ್ ಇಳಿದವರಿಗೆ, ಎಂಟು ಬಗೆಯ ಬ್ಯಾಕ್ಟೀರಿಯಾ ಸೇರಿಸಿದ ವಿಎಸ್‌ಎಲ್-3 ಎಂಬ ಪುಡಿ ಅರ್ಧ ಜನಕ್ಕೆ, ಬರೀ ಹುಸಿ ಪುಡಿ ಉಳಿದರ್ಧಕ್ಕೆ. ಒಂಬತ್ತು ತಿಂಗಳಲ್ಲಿ ಹುಸಿ ಪುಡಿ ತಿಂದ 20 ಜನಕ್ಕೂ ಕಾಯಿಲೆ ಮರುಕಳಿಸಿತು. ನಿಜವಾದ ಪುಡಿ ತಿಂದವರಲ್ಲಿ ಮೂವರಿಗೆ ಮಾತ್ರ. ಆದರೆ ದಿನಕ್ಕೆ ಕೊಟ್ಟದ್ದು 1.8 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಅದೂ ಗೊತ್ತಿರುವ ತಳಿಗಳು. ನಿಮ್ಮ ಮಜ್ಜಿಗೆಯಲ್ಲಿ ಯಾರಿದ್ದಾರೆ, ಎಷ್ಟಿದ್ದಾರೆ, ಹೆಪ್ಪು ಕೊಟ್ಟ ಪಕ್ಕದ ಮನೆಯವರಿಗೇ ಗೊತ್ತು. ಕುಡಿಯಿರಿ, ತಂಪು. ಔಷಧಿ ಎನ್ನಬೇಡಿ.

ಮಲೆನಾಡ_ಮಳೆ · ಬುಧವಾರ, ರಾತ್ರಿ 11:32

ಕಾಕಾ ಬುಧವಾರ ರಾತ್ರಿ ಒಂದಕ್ಕೊಂದು ಸಮ ಮಾಡಿಕೊಂಡರು.

ಸುಮ್ನೆ_ಓದುಗ · ಗುರುವಾರ, ಬೆಳಗ್ಗೆ 8:05

ಆಂಟಿಬಯೋಟಿಕ್‌ಗೂ ಬಗ್ಗದಿದ್ದರೆ ಮುಂದೆ ಏನು? ಆ ರಿಸರ್ವ್ ಪೊಲೀಸರ ವ್ಯಾನನ್ನೇ ದಾರಿಯಲ್ಲಿ ನಿಲ್ಲಿಸಲು ಆಗುವುದಿಲ್ಲವೇ?

ಹೊಟ್ಟೆ_ಡಾಕ್ಟ್ರು · ಗುರುವಾರ, ಮಧ್ಯಾಹ್ನ 1:40

ನೀವು ತಮಾಷೆಗೆ ಕೇಳಿದ್ದೇ ವೆಡೊಲಿಝುಮ್ಯಾಬ್ ಎಂಬ ಔಷಧಿಯ ಕೆಲಸ. ರಕ್ತದಲ್ಲಿರುವ ಕೆಲವು ಬಿಳಿ ಕಣಗಳ ಮೈಮೇಲೆ ಆಲ್ಫಾ-4 ಬೀಟಾ-7 ಎಂಬ ಕೊಕ್ಕೆ ಇರುತ್ತದೆ. ಕರುಳಿನ ರಕ್ತನಾಳದ ಗೋಡೆಯಲ್ಲಿ ಅದಕ್ಕೆ ಹೊಂದುವ ಬಳೆ ಇರುತ್ತದೆ. ಕೊಕ್ಕೆ ಸಿಕ್ಕಿಕೊಂಡರೆ ಕಣ ಕರುಳಿಗೆ ಇಳಿಯುತ್ತದೆ. ಈ ಔಷಧಿ ಕೊಕ್ಕೆಗೆ ಮುಚ್ಚಳ ಹಾಕುತ್ತದೆ. ವ್ಯಾನ್ ನಿಲ್ಲಿಸುವುದಕ್ಕಿಂತ, ಕರುಳಿನ ಸ್ಟಾಪ್‌ನಲ್ಲಿ ಬಾಗಿಲು ತೆರೆಯದ ಹಾಗೆ ಮಾಡುವುದು.

2023ರಲ್ಲಿ ಇದರ ದೊಡ್ಡ ಪ್ರಯೋಗದ ಫಲ ಬಂತು. ದೀರ್ಘಕಾಲದ ಪೌಚೈಟಿಸ್ ಇದ್ದ 102 ಜನ. 14ನೇ ವಾರಕ್ಕೆ ಔಷಧಿ ಪಡೆದವರಲ್ಲಿ ಶೇ. 31 ಜನಕ್ಕೆ ಕಾಯಿಲೆ ಶಮನವಾಗಿತ್ತು, ಹುಸಿ ಔಷಧಿಯಲ್ಲಿ ಶೇ. 10. ಯುರೋಪಿನಲ್ಲಿ ಪೌಚೈಟಿಸ್‌ಗೆಂದೇ ಅನುಮತಿ ಸಿಕ್ಕಿದೆ. ಟಿಎನ್‌ಎಫ್ ತಡೆಯುವ ಔಷಧಿಗಳನ್ನೂ ಬಳಸುತ್ತೇವೆ. ಆದರೆ ಅವು ಮೈಯಲ್ಲಿ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲವು. ನಮ್ಮಲ್ಲಿ ಮಲಗಿರುವ ಟಿಬಿ ಬೇಕಾದಷ್ಟು ಜನಕ್ಕಿದೆ, ಹಾಗಾಗಿ ಮೊದಲು ಪರೀಕ್ಷೆ.

ಸುಮ್ನೆ_ಓದುಗ · ಗುರುವಾರ, ಮಧ್ಯಾಹ್ನ 2:00

ಶೇ. 31 ಎಂದರೆ ಉಳಿದ 69 ಜನಕ್ಕೆ ಇಲ್ಲ ಎಂದಾಯಿತು. ಇದಕ್ಕೆ ದೊಡ್ಡ ಪ್ರಯೋಗ ಬೇರೆ.

ಲೂವೆನ್_ಕನ್ನಡತಿ · ಗುರುವಾರ, ಸಂಜೆ 5:15

ಹಾಗೆ ಕೇಳಿಸುವುದು ನಿಜ. ನನಗೆ ಆ 69 ಜನರೇ ಹೆಚ್ಚು ಹೇಳುತ್ತಾರೆ. ಹೊರಗಿನಿಂದ ಬರುವವರ ಬಾಗಿಲು ಮುಚ್ಚಿದರೂ ಕೆಲವರಲ್ಲಿ ಬೆಂಕಿ ಆರುವುದಿಲ್ಲ ಎಂದರೆ, ಅವರ ಪೌಚ್‌ನಲ್ಲಿ ಜಗಳಗಂಟರು ಆಗಲೇ ಒಳಗೆ ಮನೆ ಮಾಡಿದ್ದಾರೆ, ಇಲ್ಲವೇ ಬೇರೆ ಬಾಗಿಲಿಂದ ಬರುತ್ತಿದ್ದಾರೆ. ಪೌಚೈಟಿಸ್ ಎಂದು ಒಂದೇ ಹೆಸರಲ್ಲಿ ಕರೆಯುತ್ತೇವಲ್ಲ, ಒಳಗೆ ಅದು ನಾಲ್ಕಾರು ಕಾಯಿಲೆ ಎಂದು ನನಗನ್ನಿಸುತ್ತದೆ. ಪಿತ್ತನಾಳದ ಪಿಎಸ್‌ಸಿ ಎಂಬ ಕಾಯಿಲೆ ಇರುವವರಿಗೆ ಪೌಚೈಟಿಸ್ ಹೆಚ್ಚು ಬರುತ್ತದೆ, ಹಟವೂ ಹೆಚ್ಚು. ಕೆಲವರ ಬಯಾಪ್ಸಿಯಲ್ಲಿ ಐಜಿಜಿ-4 ಕಣಗಳು ತುಂಬಿರುತ್ತವೆ. ಇವರೆಲ್ಲರಿಗೂ ಒಂದೇ ಮಾತ್ರೆ ಕೆಲಸ ಮಾಡಬೇಕು ಎಂದು ಯಾಕೆ ನಿರೀಕ್ಷಿಸುತ್ತೇವೋ.

ಟಿಕೆಟ್_ಟಿಕೆಟ್ · ಗುರುವಾರ, ರಾತ್ರಿ 9:10

ಸ್ಕೋಪ್ ಆಯಿತು. ನಿದ್ದೆ ಇಂಜೆಕ್ಷನ್ ಬೇಡ ಎಂದೆ, ಪರದೆಯಲ್ಲಿ ನೋಡಬೇಕಿತ್ತು. ನೋಡಿದೆ. ಪೌಚ್ ಕೆಂಪಗೆ, ಅಲ್ಲಲ್ಲಿ ಬಿಳಿ ಪೊರೆ, ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಅದರ ಮೇಲಿನ ಸಣ್ಣ ಕರುಳು ಗುಲಾಬಿ, ಚೆನ್ನಾಗಿತ್ತು. ಗೆರೆ ಹಾಕಿದ ಹಾಗೆ ಒಂದು ಕಡೆ ಉರಿ, ಇನ್ನೊಂದು ಕಡೆ ಏನೂ ಇಲ್ಲ. ಕಫ್ ಸರಿ ಇದೆ ಎಂದರು. ಬಯಾಪ್ಸಿ ತೆಗೆದಿದ್ದಾರೆ. ಸಿಪ್ರೊ ಹದಿನಾಲ್ಕು ದಿನ.

ಲೂವೆನ್ ತಂಗಿ, ನೀವು ಹೇಳಿದ ಕಾಲುವೆ–ಕೆರೆ ಗೆರೆಯನ್ನು ಕಣ್ಣಾರೆ ನೋಡಿದೆ. ಡಾಕ್ಟರಿಗೆ "ಸರ್, ವಿಲ್ಲೈ ಮೊಂಡಾಗಿವೆಯಾ" ಎಂದು ಕೇಳಿದೆ. ಸ್ಕೋಪ್ ಹಿಡಿದವರು ಒಂದು ಕ್ಷಣ ನಿಲ್ಲಿಸಿ ನನ್ನನ್ನೇ ನೋಡಿದರು.

ಟಿಕೆಟ್_ಟಿಕೆಟ್ · ಎರಡು ವಾರದ ಮೇಲೆ, ಭಾನುವಾರ, ಸಂಜೆ 6:30

ಆರನೇ ದಿನಕ್ಕೆ ಒಂಬತ್ತು ಸಲಕ್ಕೆ ಇಳಿಯಿತು. ಈಗ ಆರು. ರಾತ್ರಿ ಒಮ್ಮೆ, ಕೆಲವು ದಿನ ಅದೂ ಇಲ್ಲ. ಜ್ವರ ಇಲ್ಲ. ಬಯಾಪ್ಸಿಯಲ್ಲಿ ನ್ಯೂಟ್ರೋಫಿಲ್ ಎಂದು ಬರೆದಿದ್ದರು. ಟೊಪ್ಪಿಗೆ ಎಣಿಸಿದ್ದು ನೆನಪಾಗಿ ನಗು ಬಂತು. ಸೊಂಟಕ್ಕೆ ಎಂಆರ್‌ಐ ಬರೆದುಕೊಟ್ಟಿದ್ದಾರೆ, ಮುಂದಿನ ತಿಂಗಳು. ಡೈಕ್ಲೋಫೆನಾಕ್ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದೆ. ಮತ್ತೆ ಬರಬಹುದು, ಬಂದರೆ ಬೇಗ ಬನ್ನಿ ಎಂದರು. ಅಮ್ಮನಿಗೆ ಎಲ್ಲ ವಿವರಿಸಿದೆ. ಕೇಳಿಸಿಕೊಂಡು "ಹಾಗಾದ್ರೆ ಜಗಳ ನಿನ್ನ ರಕ್ತದಲ್ಲೇ ಇದೆ ಅನ್ನು, ನಿಮ್ಮಪ್ಪನ ಕಡೆಯದು" ಎಂದಳು.

ನಾಳೆಯಿಂದ ಡ್ಯೂಟಿ. ಒಂದೇ ತಲೆನೋವು, ನಮ್ಮ ರೂಟ್‌ನ ಒಂದು ಸ್ಟ್ಯಾಂಡ್‌ನಲ್ಲಿ ಸಂಡಾಸಿಗೆ ಬೀಗ ಹಾಕಿಯೇ ಇರುತ್ತಾರೆ.

ಮಲೆನಾಡ_ಮಳೆ · ಭಾನುವಾರ, ಸಂಜೆ 7:05

ಎದುರಿನ ಹೋಟೆಲ್‌ನವರ ಪರಿಚಯ ಮಾಡಿಟ್ಟುಕೊಳ್ಳಿ ತಮ್ಮಾ. ಒಂಬತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಮತ್ತೆ ಬ್ಯಾಗ್‌ನಲ್ಲಿ ಟಿಕೆಟ್ ಮೆಷಿನ್ ಪಕ್ಕ ಎರಡು ಒಆರ್‌ಎಸ್ ಪ್ಯಾಕೆಟ್ ಇರಲಿ.